ಬೆರಳೆತ್ತದ ಭಟ್ಟರು

ಮನುಷ್ಯನ ಜೀವನವೆಲ್ಲ ಅವನ ಬೆರಳ ತುದಿಯಲ್ಲಿ ಬರೆದಿರುತ್ತದೆ. ನಮ್ಮ ಕೆಳಮನೆಯ ಭಟ್ಟರ ಬೆರಳನ್ನು ಓದಲು ಮೊಬೈಲ್ ಫೋನಿಗೆ ಮಾತ್ರ ಬರುತ್ತಿರಲಿಲ್ಲ. ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಮೂವತ್ತೈದು ವರ್ಷ ದೋಸೆ ಹೊಯ್ದು, ಕಾದ ಕಾವಲಿಯಿಂದ ಬೆರಳಲ್ಲೇ ಮಡಚಿ ಎತ್ತಿ, ಅವರ ತೋರುಬೆರಳು ಜಡ್ಡುಗಟ್ಟಿತ್ತು. ನಾಲ್ಕು ಸಲ ಒತ್ತಿದರೆ ಒಂದು ಸಲ ಫೋನ್ ಒಪ್ಪುತ್ತಿತ್ತು. ಹಾಗಾಗಿ ಒಮ್ಮೆ ಹತ್ತಿದ ಬೆರಳನ್ನು ಅವರು ಎತ್ತುತ್ತಲೇ ಇರಲಿಲ್ಲ.

ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಅವರು ಕೆಳಗೆ, ನಾನು ಮೇಲೆ. ಇಬ್ಬರೂ ಒಂಟಿ, ಇಬ್ಬರೂ ನಿವೃತ್ತರು. ಹೊತ್ತು ಹೋಗಲೆಂದು ನಾನೊಂದು ಮೊಬೈಲ್ ಆಟ ಕಟ್ಟಿದ್ದೆ. ಬೆರಳಿಂದ ತಳ್ಳಿದರೆ ಪೆಟ್ಟಿಗೆ ಗೋಡೆಗೆ ಬಡಿಯುವವರೆಗೆ ನೆಟ್ಟಗೆ ಜಾರುತ್ತದೆ. ಹೀಗೆ ಜಾರಿಸಿ ಜಾರಿಸಿ ಬಾಗಿಲು ಮುಟ್ಟಿಸಬೇಕು. ಪ್ರಪಂಚದಲ್ಲಿ ಅದನ್ನು ಆಡುತ್ತಿದ್ದವರು ಭಟ್ಟರೊಬ್ಬರೇ. ದಿನಾ ಸಂಜೆ ಚಹಾಕ್ಕೆ ಬಂದು ಒಂದು ಒಗಟು ಬಿಡಿಸಿ ತೋರಿಸುತ್ತಿದ್ದರು.

ನಾನು ಮೂರು ವಾರ ತಲೆ ಕೆಡಿಸಿಕೊಂಡು ಮಾಡಿದ ಒಗಟನ್ನು ಒಂದು ಸಂಜೆ ಅವರು ಚಹಾ ಆರುವ ಮೊದಲೇ ಮುಗಿಸಿದರು. ನೋಡಿದರೆ, ಸೌಟಿನಲ್ಲಿ ಹಿಟ್ಟು ಹರಡುವಂತೆ ಬೆರಳೆತ್ತದೆ ಸುತ್ತಿಸುತ್ತಿದ್ದಾರೆ; ಪೆಟ್ಟಿಗೆ ನಡುದಾರಿಯಲ್ಲೇ ತಿರುಗಿ ಬಾಗಿಲಿಗೆ ಹೋಗುತ್ತಿದೆ.

"ಹಾಗೆ ತಿರುಗಬಾರದು ಭಟ್ರೆ. ಅದು ನನ್ನ ಪ್ರೋಗ್ರಾಮಿನ ತಪ್ಪು."

"ತಿರುಗ್ತದಲ್ಲ ಮಾರಾಯ್ರೆ. ತಪ್ಪು ಅಂತ ಪೆಟ್ಟಿಗೆಗೆ ಯಾರು ಹೇಳುದು?"

"ನಾನು ಹೇಳ್ತೇನೆ" ಎಂದೆ.

ಹೇಳಿಯೂ ಬಿಟ್ಟೆ. ತೀರ್ಪು ಬರೆಯುವ ಜಡ್ಜಿನ ಗಾಂಭೀರ್ಯದಿಂದ ಎರಡು ದಿನ ಕೂತು, ಬೆರಳಿಟ್ಟರೆ ಒಂದೇ ಚಲನೆ, ಮುಂದಿನದಕ್ಕೆ ಎತ್ತಿ ಇಡತಕ್ಕದ್ದು ಎಂದು ತಿದ್ದಿದೆ. ಅವರ ಫೋನಿಗೂ ನಾನೇ ಹಾಕಿಕೊಟ್ಟೆ.

ಭಟ್ಟರು ಬೆರಳೆತ್ತಿ ಇಟ್ಟರು. ಫೋನ್ ಒಪ್ಪಲಿಲ್ಲ. ಲುಂಗಿಗೆ ಒರೆಸಿ ಮತ್ತೆ ಇಟ್ಟರು.

"ಎಡಗೈಲಿ ಆಡಿ ಭಟ್ರೆ."

"ಎಡಗೈಲಿ ಯಾರಾದ್ರೂ ದೋಸೆ ಹೊಯ್ತಾರಾ?" ಎಂದರು. ನಗಲಿಲ್ಲ. "ನಿಮ್ಮ ಆಟ ಈಗ ಸರಿಯಾಯ್ತು. ಕಾವಲಿ ಮಾತ್ರ ಆರಿತು."

ಆಮೇಲೆ ಅವರು ಮೇಲೆ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಮಂಡಿನೋವು ಎಂದರು. ಕೆಲವು ದಿನ ನಾನು ಇಬ್ಬರಿಗಾಗುವಷ್ಟೇ ಚಹಾ ಇಟ್ಟೆ. ಚಹಾದ ತಪ್ಪೇನೂ ಇರಲಿಲ್ಲ. ತಿದ್ದಿದ್ದನ್ನು ಅಳಿಸಲು ಹತ್ತು ನಿಮಿಷ ಸಾಕಿತ್ತು. ಮನಸ್ಸು ಬರಲು ಒಂದು ತಿಂಗಳು ಸಾಲಲಿಲ್ಲ. ಅಷ್ಟರಲ್ಲಿ ಭಟ್ಟರು ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಊರಿನಿಂದ ಅವರ ತಮ್ಮ ಬಂದು ಎಲ್ಲ ಮುಗಿಸಿದರು. ಹದಿಮೂರನೆಯ ದಿನದ ಊಟ ಮಾಡಿ ಮೇಲೆ ಬಂದು ನಾನು ತಿದ್ದಿದ್ದನ್ನು ಅಳಿಸಿದೆ.

ಈಗ ಬೆರಳೆತ್ತದೆ ಸುತ್ತಿಸಿದರೆ ಪೆಟ್ಟಿಗೆ ತಿರುಗುತ್ತದೆ.