ಮರಳು ಗಡಿಯಾರ ನಿಂತಿರುತ್ತಿದ್ದ ಸಂಜೆಗಳು

ನಮ್ಮ ಯಜಮಾನರದು ಮಾತು ಕಡಿಮೆ. ಹಾಸನದ ಕಾಲೇಜಿನಲ್ಲಿ ಪಾಠ ಹೇಳಿ, ಸಂಜೆ ಬಸ್ಸಿಗೆ ಬಂದು ಹೊಳೆನರಸೀಪುರದಲ್ಲಿ ಇಳಿಯುವಷ್ಟರಲ್ಲಿ ಇದ್ದಬದ್ದ ಮಾತೆಲ್ಲ ಅಲ್ಲೇ ಖರ್ಚಾಗಿರುತ್ತಿತ್ತು. ಕಾಫಿ ಕೊಟ್ಟರೆ ‘ಹೂಂ’. ಲೋಟ ವಾಪಸು ಕೊಡುವಾಗ ಅದೂ ಇಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಮೇಲೆ ಏನೋ ಕೋಪವೆಂದುಕೊಂಡಿದ್ದೆ. ಆಮೇಲೆ ಸ್ವಭಾವವೇ ಹಾಗೆ ಎಂದು ತಿಳಿದು, ನನ್ನ ಮಾತನ್ನೆಲ್ಲ ದೇವರ ಮುಂದೆ ಆಡಿಕೊಳ್ಳುತ್ತಿದ್ದೆ. ದೇವರೂ ಉತ್ತರ ಕೊಡುವುದಿಲ್ಲ, ಆದರೆ ಎದ್ದು ಹೋಗುವುದಿಲ್ಲವಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ಒಂದು ಮನೆಗೆ ಬಂತು. ಬಲು ನಿಧಾನದ್ದು. ಏನನ್ನು ಒತ್ತಿದರೂ ಪರದೆಯ ಮೇಲೆ ಪುಟ್ಟದೊಂದು ಮರಳು ಗಡಿಯಾರ ಮೂಡಿ ನಿಂತುಬಿಡುತ್ತಿತ್ತು. ಅದು ಹೋಗುವ ತನಕ ಇವರ ಕೈಗೆ ಕೆಲಸವಿಲ್ಲ. ಕುರ್ಚಿ ತಿರುಗಿಸಿಕೊಂಡು, ಕೆಳಗೆ ಹೂ ಕಟ್ಟುತ್ತ ಕೂತಿರುತ್ತಿದ್ದ ನನ್ನ ಕಡೆ ನೋಡಿ ಮಾತಾಡತೊಡಗಿದರು. ಚನ್ನರಾಯಪಟ್ಟಣದ ಕಡೆಯ ಮುದುಕಿಯೊಬ್ಬಳು ಕೋಳಿಗೂ ಟಿಕೆಟ್ ಕೇಳಿದ ಕಂಡಕ್ಟರನಿಗೆ ಮಂಗಳಾರತಿ ಮಾಡಿದ್ದು, ಕ್ಲಾಸಿನಲ್ಲಿ ಹುಡುಗರು ಇವರ ನಡಿಗೆಯನ್ನು ಅಣಕಿಸಿದ್ದು. ಒಂದು ಸಂಜೆ, “ರುದ್ರಪಟ್ಟಣದಲ್ಲಿ ಹುಟ್ಟಿ ಶ್ರುತಿ ಹಿಡಿಯಕ್ಕೆ ಬರಲ್ಲ ಅಂದ್ರೆ ಹೆಂಗಿರುತ್ತೆ ಗೊತ್ತೇನೇ? ಊರಿಗೂರೇ ಹಾಡೋದು. ನಾನೊಬ್ಬ ಬಾಯಿ ಮುಚ್ಕೊಂಡು ಬೆಳೆದೆ” ಎಂದರು. ನಾನು ದಾರ ಹಿಡಿದು ಹಾಗೇ ಕೂತೆ. ಅಷ್ಟರಲ್ಲಿ ಪುಟ ತೆರೆದುಕೊಂಡಿತು. ಇವರು ತಿರುಗಿಕೊಂಡರು. ಆ ಮರಳು ಗಡಿಯಾರವನ್ನೂ ದೇವರು ಕೊಟ್ಟದ್ದರ ಜೊತೆಗೆ ಸೇರಿಸಿಕೊಂಡೆ.

ಬರುಬರುತ್ತಾ ಅದು ಇನ್ನೂ ನಿಧಾನವಾಯಿತು. ಪರೀಕ್ಷೆ ಹತ್ತಿರ ಬಂದಾಗ ರಿಪೇರಿಯವನನ್ನು ಕರೆಸಿದರು. ಅವನು ಡಬ್ಬದ ಪಕ್ಕ ಬಿಚ್ಚಿ, ಧೂಳು ಊದಿ ಹೇಳಿದ:

“ಪ್ರೊಸೆಸರ್ ಮುದುಕ ಆಗೋಗದೆ ಸಾ. ಇದೇ ಬೋರ್ಡಿಗೆ ಇನ್ನೂ ಜೋರಾಗಿರೋದು ಕೂರ್ತದೆ. ಆಕ್ಬುಟ್ರೆ ಒತ್ತಿದ ತಕ್ಷಣ ಓಪನ್ ಆಯ್ತದೆ.”

“ಇದೇ ಇನ್ನೊಂದೆರಡು ವರ್ಷ ಬರಲ್ವೇನಪ್ಪ?” ನಾನೇ ಬಾಯಿ ಹಾಕಿದೆ.

“ಬತ್ತದೆ ಅಕ್ಕಾ. ಅಷ್ಟೊತ್ಗೆ ಯಜಮಾನ್ರ ತಲೆ ಬೆಳ್ಳಗಾಗೋಯ್ತದೆ.”

ಇವರು ನಕ್ಕು, “ನೀನೇನಂತೀಯೆ? ಹಾಕಿಸೋದೋ ಬೇಡ್ವೋ?” ಎಂದು ನನ್ನನ್ನೇ ಕೇಳಿದರು.

ಬೇಡವೆಂದರೆ ಯಾಕೆ ಎನ್ನುತ್ತಾರೆ. ಅದು ನಿಂತರೆ ತಾನೇ ನೀವು ನನ್ನ ಕಡೆ ತಿರುಗುವುದು ಎಂದು ಯಾವ ಬಾಯಲ್ಲಿ ಹೇಳಲಿ? “ನಾಳೆ ಹೇಳ್ತೀನಿ ರೀ” ಎಂದೆ.

ಬೆಳಿಗ್ಗೆ ಸ್ನಾನ ಮಾಡಿ, ನರಸಿಂಹಸ್ವಾಮಿಯ ವಿಗ್ರಹದ ಎರಡು ಭುಜಕ್ಕೂ ಹೂವಿನ ಒಂದೊಂದು ಒದ್ದೆ ಎಸಳು ಅಂಟಿಸಿ ಪ್ರಸಾದ ಕೇಳಿದೆ. ಬಲಗಡೆಯದು ಬಿದ್ದರೆ ಹಾಕಿಸುವುದು, ಎಡಗಡೆಯದು ಬಿದ್ದರೆ ಬೇಡ. ಕೈ ಮುಗಿದಿದ್ದೆ, ಕಣ್ಣು ಮಾತ್ರ ಎಡಗಡೆಗೇ ನೆಟ್ಟಿತ್ತು.

ಬಲಗಡೆಯದು ಜಾರಿತು.

ನೋಡಿದವರು ಯಾರೂ ಇಲ್ಲ. ಎಡಗಡೆ ಆಯಿತು ಎಂದಿದ್ದರೂ ನಡೆಯುತ್ತಿತ್ತು. ಆದರೆ ಕೇಳಿದ್ದು ನಾನು, ಕೊಟ್ಟದ್ದು ಅವನು. ಹೋಗಿ, “ಬಲಗಡೆ ಪ್ರಸಾದ ಆಯ್ತು, ಹಾಕ್ಸಿ” ಎಂದೆ.

“ಪ್ರೊಸೆಸರಿಗೂ ಪ್ರಸಾದ ಕೇಳಿದೆಯೇನೇ! ಇನ್ನು ಆ ರಿಪೇರಿಯವನನ್ನ ಕೇಳೋದೇ ಬೇಡ ಬಿಡು, ದೇವರೇ ಹೇಳ್ತಾನೆ” ಎಂದು ಬಸ್ಸಿಗೆ ಹೊರಟರು.

ಹೊಸದು ಕೂತ ದಿನ ಸಂಜೆ, ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ನನ್ನ ಜಾಗದಲ್ಲೇ ಕೂತೆ. ಒತ್ತಿದ್ದು ಒತ್ತಿದಂತೆ ತೆರೆದುಕೊಳ್ಳುತ್ತಿತ್ತು. “ನೋಡೇ, ಎಷ್ಟು ಬೇಗ!” ಎಂದರು, ಪರದೆಯ ಕಡೆಗೇ. ನನಗೆ ಕಂಡದ್ದು ಬೆನ್ನು. ಅರ್ಧ ಕಾಯಿ ಸುಲಿಯುವುದರೊಳಗೆ ಕೆಲಸ ಮುಗಿಸಿ, ಆರಿಸಿ ಎದ್ದರು.

“ಊಟ ಹಾಕ್ತೀಯಾ?”

“ಇದಿಷ್ಟು ಮುಗೀಲಿ.”

ಅವರು ಸ್ವಲ್ಪ ಹೊತ್ತು ನಿಂತರು. ಮತ್ತೆ ಏನನ್ನಿಸಿತೋ, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡರು. ಸುಲಿಯಲು ಬಾರದು, ಕಾಳೆಲ್ಲ ಉಗುರಿಗೆ ಸಿಕ್ಕಿ ಗಾಯ.

“ಬಲಿತಿದೆ” ಎಂದರು ಕೊನೆಗೆ.

“ಹೂಂ, ಸೊಗಡೂ ಇದೆ” ಎಂದೆ.

ಇನ್ನೊಂದು ಮಾತು ಬಂದೀತೇನೋ ಎಂದು, ನಾನು ಸುಲಿಯುವ ಕೈಯನ್ನು ಸ್ವಲ್ಪ ನಿಧಾನ ಮಾಡಿದೆ.