ಅಳತೆ ಪುಸ್ತಕದ ಪ್ರಾರ್ಥನೆ

ಟೇಲರ್ ಕಾಕಾನ ತುಟಿಗಳ ನಡುವೆ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಸೂಜಿಗಳನ್ನು ಬಲಗಡೆ ಕಚ್ಚಿಕೊಂಡು ಎಡಗಡೆಯಿಂದ ಮಾತಾಡುತ್ತಿದ್ದರು. ವರ್ಷಗಟ್ಟಲೆ ಹಾಗೇ ಮಾತಾಡಿ ಅಭ್ಯಾಸವಾಗಿ, ಭಾನುವಾರ ಚರ್ಚಿನಲ್ಲಿ ಸೂಜಿ ಇಲ್ಲದಾಗಲೂ ಅವರ ಬಾಯಿ ಎಡಗಡೆ ಮಾತ್ರ ತೆರೆಯುತ್ತಿತ್ತು. ನಾನು ನರ್ಸಿಂಗ್ ಓದುವಾಗ, ಒಂದು ದಿನ ನುಂಗಿಬಿಡುತ್ತೀರಿ ನೋಡಿ ಎಂದು ದೊಡ್ಡ ಡಾಕ್ಟರ್ ಥರ ಹೆದರಿಸಿದ್ದೆ. "ನೀನು ಡ್ಯೂಟಿಗೆ ಸೇರವ್ವ ಮೊದ್ಲು, ಆಮೇಲೆ ನುಂಗ್ತೀನಿ. ಈಗ ನುಂಗಿದ್ರೆ ತೆಗೆಯೋರು ಯಾರು?" ಎಂದರು.

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರದು ಹೊಲಿಗೆ ಅಂಗಡಿ. ನನ್ನ ಪಾಲಿಗೆ ಅವರು ಟೇಲರ್ ಕಾಕಾ. ರಕ್ತ ಸಂಬಂಧವೇನಿಲ್ಲ, ಒಂದೇ ಚರ್ಚಿನವರು ಅಷ್ಟೆ. ನಮ್ಮದು ಮೂವತ್ತು ಮನೆಗಳ ಸಣ್ಣ ಸಭೆ. ಅಷ್ಟು ಸಣ್ಣ ಸಭೆಗೆ ಎಷ್ಟು ದೊಡ್ಡ ಹುಮ್ಮಸ್ಸು ಎಂದು ನನಗೇ ಕೆಲವೊಮ್ಮೆ ನಗು ಬರುತ್ತದೆ. ಸೊರಬದಿಂದ ಆಚೆ ಕಾಡಂಚಿನ ಒಂದು ಹಾಡಿಯಲ್ಲಿ ಗಂಡ ಹೆಂಡತಿ ಸೇರಿ ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಂಡು, ಹನ್ನೆರಡು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡು ಸಾಕುತ್ತಿದ್ದರು. ಅವರನ್ನು ನೋಡಿಕೊಳ್ಳುವುದು ನಮ್ಮ ಸಭೆಯ ಕೆಲಸ, ಅದನ್ನೇ ನಾವು ಸೇವೆ ಎನ್ನುತ್ತಿದ್ದೆವು. ಪ್ರತಿ ಮನೆಯಲ್ಲೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಅದು ಚೀಲವಾಗಿ ಬಸ್ಸು ಹತ್ತುತ್ತಿತ್ತು.

ಕಾಕಾ ಅಕ್ಕಿಯ ಜೊತೆಗೆ ಶನಿವಾರದ ಬೆಳಗನ್ನೂ ತೆಗೆದಿಟ್ಟಿದ್ದರು. ಶನಿವಾರ ಮಧ್ಯಾಹ್ನದವರೆಗೆ ಅವರ ಮಷಿನ್ನಿನಲ್ಲಿ ಸೇವೆಯ ಮಕ್ಕಳ ಬಟ್ಟೆ ಬಿಟ್ಟು ಬೇರೇನೂ ಹೊಲಿಯುವಂತಿಲ್ಲ. ಬಟ್ಟೆ ಕೊಡುತ್ತಿದ್ದವರು ಪಕ್ಕದ ಜವಳಿ ಅಂಗಡಿಯ ಸಾಹುಕಾರರು. ಹಣೆತುಂಬ ವಿಭೂತಿ ಹಚ್ಚಿಕೊಂಡು, ಥಾನಿನ ಕೊನೆಯ ತುಂಡುಗಳನ್ನು ಮಡಿಸಿ ಶುಕ್ರವಾರ ಸಂಜೆಯೇ ತಂದಿಟ್ಟು ಹೋಗುತ್ತಿದ್ದರು. ಗಿರಾಕಿಗಳಿಗೆ ಮಾತ್ರ ಈ ಶನಿವಾರ ಅಂದರೆ ಆಗುತ್ತಿರಲಿಲ್ಲ. ತಾಳಗುಂದದ ಕಡೆಯ ಒಬ್ಬರು ಒಮ್ಮೆ ರೇಗಿದ್ದನ್ನು ನಾನೇ ಕಂಡಿದ್ದೇನೆ.

"ನಾಳೆ ಮದ್ವೆ ಐತ್ರೀ, ಒಂದು ಜುಬ್ಬ ಹೊಲಿಯಾಕೆ ಆಗಲ್ಲ ಅಂದ್ರೆ ಹೆಂಗ್ರೀ?"

"ನಾಳೆ ಮದ್ವೆ ಐತೆ ಅಂತ ನಿಮಗೆ ಇವತ್ತು ಗೊತ್ತಾತೇನ್ರೀ? ಮಧ್ಯಾಹ್ನದ ಮ್ಯಾಲೆ ಬರ್ರಿ, ಹೊಲ್ದು ಕೊಡ್ತೀನಿ."

ಸೇವೆಯ ಬಟ್ಟೆ ತಾನೇ, ಅಂದಾಜಿನಲ್ಲಿ ಹೊಲಿದರಾಯಿತು ಅನ್ನುವ ಮಾತು ಅವರ ಹತ್ತಿರ ನಡೆಯುತ್ತಿರಲಿಲ್ಲ. ವರ್ಷಕ್ಕೆರಡು ಸಲ ಸೊರಬದ ಬಸ್ಸು ಹಿಡಿದು ಹೋಗಿ, ಹಾಡಿಯ ಒಂದೊಂದು ಮಗುವನ್ನೂ ನಿಲ್ಲಿಸಿ ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡು ಬರುತ್ತಿದ್ದರು. ಭಾನುವಾರ ಆರಾಧನೆಯಲ್ಲಿ ಸೇವೆಗಾಗಿ ಪ್ರಾರ್ಥಿಸುವ ಸರದಿ ಬಂದರೆ ಅದೇ ಪುಸ್ತಕ ಹೊರಗೆ ಬರುತ್ತಿತ್ತು. "ತಂದೆಯೇ, ಎದೆ ಇಪ್ಪತ್ತೆರಡು, ಉದ್ದ ಹದಿನೆಂಟು, ಈ ಹುಡುಗಿ ಹೋದ ಸಲಕ್ಕಿಂತ ಬಡವಾಗ್ಯಾಳೆ, ನೋಡ್ಕೋ" ಎಂದು ಒಬ್ಬೊಬ್ಬರನ್ನೇ ಓದುತ್ತಿದ್ದರು. ಹಿಂದಿನ ಬೆಂಚಿನಲ್ಲಿ ನಾವು ಹುಡುಗಿಯರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದೆವು. ದೇವರಿಗೂ ಇಂಚುಪಟ್ಟಿ ಬೇಕೇನೋ ಎಂದು ನಾನು ಗೇಲಿ ಮಾಡಿದ್ದೂ ಉಂಟು.

ಆಮೇಲೆ ನನ್ನನ್ನೇ ಸಭೆ ಕಳಿಸಿತು. ಆಫ್ರಿಕಾದ ಟಾಂಜಾನಿಯಾದಲ್ಲಿ ಒಂದು ಮಿಷನ್ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ನರ್ಸ್ ಬೇಕಾಗಿತ್ತು. ಐದು ವರ್ಷ ಅಲ್ಲಿರಬೇಕೆಂಬ ಮಾತು. ನಮ್ಮ ಸಭೆಯಿಂದ ಸಮುದ್ರ ದಾಟಿ ಸೇವೆಗೆ ಹೊರಟವಳು ನಾನೇ ಮೊದಲು. ಪಾಸ್ಟರ್ ಮತ್ತು ಹಿರಿಯರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಕಾಕಾ ಒಂದು ಹೊಸ ಟೇಪು ಕೊಟ್ಟು, ಮಗು ಉಸಿರು ಬಿಟ್ಟಾಗ ಎದೆ ಅಳೆಯಬೇಕು, ಟೇಪಿನೊಳಗೆ ಎರಡು ಬೆರಳು ಆಡಬೇಕು ಎಂದು ಹೇಳಿಕೊಟ್ಟರು. ಆರು ತಿಂಗಳಿಗೊಮ್ಮೆ ನನ್ನ ವಾರ್ಡಿನ ಮಕ್ಕಳ ಅಳತೆ ವಾಟ್ಸಾಪಿನಲ್ಲಿ ಕಳಿಸಬೇಕೆಂಬುದು ಅವರ ಕರಾರು. ಆ ಕಡೆ ಹೊರಟವರು ಯಾರಾದರೂ ಸಿಕ್ಕರೆ ಅವರ ಕೈಯಲ್ಲಿ ಬಟ್ಟೆ ಬರುತ್ತಿತ್ತು.

ನೀಮಾ ಎಂಬ ಏಳು ವರ್ಷದ ಹುಡುಗಿಯ ಅಳತೆಯನ್ನು ನಾನು ಎರಡು ಸಲ ಕಳಿಸಿದೆ. ಅವಳಿಗೆ ಹೃದಯದ ಕಾಯಿಲೆ. ಕಾಕಾ ಕಳಿಸಿದ ಹಳದಿ ಫ್ರಾಕು ತೊಟ್ಟು ವಾರ್ಡೆಲ್ಲ ತಿರುಗಿ ತೋರಿಸಿಕೊಂಡು ಬಂದಿದ್ದಳು. ನಾನು ಹೋದ ಎರಡನೆಯ ವರ್ಷ ಅವಳು ತೀರಿಕೊಂಡಳು. ನರ್ಸಿಗೆ ಸಾವು ಹೊಸದಲ್ಲ, ನಿಜ. ಆದರೆ ಆ ಮಗುವಿನ ವಿಷಯದಲ್ಲಿ ನಾನು ತಡೆದುಕೊಳ್ಳಲಾರದೆ ಹೋದೆ. ಮುಂದಿನ ಅಳತೆ ಕಳಿಸುವ ಹೊತ್ತಿಗೆ ಅವಳ ಹೆಸರು ಬಿಡಲು ಕೈ ಬರಲಿಲ್ಲ. ಬದುಕಿದ್ದರೆ ಇಷ್ಟು ಬೆಳೆದಿರುತ್ತಿದ್ದಳು ಎಂದು ಲೆಕ್ಕ ಹಾಕಿ, ಉದ್ದಕ್ಕೆ ಎರಡು ಇಂಚು ಸೇರಿಸಿ ಬರೆದುಬಿಟ್ಟೆ. 

ನಾಲ್ಕು ತಿಂಗಳಿಗೆ ಬಟ್ಟೆಯ ಗಂಟು ಬಂತು. ನೀಮಾಳ ಹೆಸರಿನ ಚೀಟಿ ಹಚ್ಚಿದ ನೀಲಿ ಫ್ರಾಕು ಅದರಲ್ಲಿತ್ತು. ಅದನ್ನು ಕೈಯಲ್ಲಿ ಹಿಡಿದ ಕ್ಷಣ ನನ್ನ ಧೈರ್ಯವೆಲ್ಲ ಕುಸಿಯಿತು. ನನಗೆ ಈ ಕೆಲಸ ಆಗುವುದಿಲ್ಲ, ವಾಪಸ್ ಬರುತ್ತೇನೆ ಎಂದು ಪಾಸ್ಟರಿಗೆ ಬರೆದೆ. ಕಾಕಾನಿಗೆ ಬೇರೆಯಾಗಿ, ಸುಳ್ಳು ಅಳತೆ ಕಳಿಸಿದ್ದೆ, ಕ್ಷಮಿಸಿ ಎಂದು ಬರೆದೆ.

ಸಭೆಯಲ್ಲಿ ಏನು ನಡೆಯಿತೆಂದು ಅಮ್ಮ ಫೋನಿನಲ್ಲಿ ಹೇಳಿದರು. ಒಬ್ಬ ಹಿರಿಯರು, "ಕೈಯಿಟ್ಟು ಕಳಿಸಿದವಳು ನಡುವೆ ಬಂದ್ರೆ ಬೇರೆ ಊರಿನ ಸಭೆಯವರಿಗೆ ಏನು ಹೇಳೋದ್ರೀ?" ಎಂದರಂತೆ. ಆ ಮಾತು ಕೇಳಿ ನನಗೆ ಅವಮಾನವಾಯಿತು. ಊರಿಗೆ ಹೋಗುವುದೂ ಕಷ್ಟ, ಇರುವುದೂ ಕಷ್ಟ. ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಕಾಕಾನ ಧ್ವನಿ ಸಂದೇಶ ಬಂತು. ಬಟ್ಟೆ ಒಣಹಾಕುವ ಅಂಗಳದಲ್ಲಿ ನಿಂತು ಕೇಳಿದೆ.

"ಅವ್ವ, ಅಳತೆ ನೋಡಿದಾಗ್ಲೇ ನಂಗೆ ಗೊತ್ತಾತು. ಉದ್ದ ಎರಡು ಇಂಚು ಬೆಳೆದ ಮಗುಗೆ ಭುಜ ಅಷ್ಟೇ ಇರ್ತದೇನವ್ವ? ನೀನು ಭುಜ ಬೆಳೆಸೋದು ಮರ್ತಿದ್ದೆ. ಹೊಲೀಲೋ ಬ್ಯಾಡ್ವೋ ಅಂತ ಎರಡು ಶನಿವಾರ ಕುಂತೆ. ಆಮೇಲೆ, ಇನ್ಯಾವ್ದಾದ್ರೂ ಮಗುಗೆ ಆಗ್ತದೆ ಅಂತ ಹೊಲ್ದೆ. ನಿಂಗೆ ಹಿಂಗಾಗ್ತದೆ ಅಂತ ತಿಳೀಲಿಲ್ಲ, ತಪ್ಪು ನಂದು. ನಿಂಗೆ ಬರಬೇಕು ಅನ್ಸಿದ್ರೆ ಬಂದ್ಬಿಡು. ಕಳಿಸಿದೋರು ನಾವು, ಕರ್ಕೊಳ್ಳೋರೂ ನಾವೇ. ಯಾರ ಮುಖಾನೂ ನೋಡಬ್ಯಾಡ. ಬಸ್ ಸ್ಟ್ಯಾಂಡಿಗೆ ನಾನೇ ಬರ್ತೀನಿ."

ಇರು ಎಂದು ಅವರು ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಆ ವಾರವೇ ಹೊರಟುಬಿಡುತ್ತಿದ್ದೆನೇನೋ, ನನ್ನ ಸ್ವಭಾವವೇ ಅಂಥದು. ಯಾವಾಗ ಬೇಕಾದರೂ ಹೋಗಬಹುದು ಅಂತಾದ ಮೇಲೆ, ಈ ವಾರ ಕಳೆಯಲಿ, ಈ ತಿಂಗಳು ಕಳೆಯಲಿ ಎಂದು ದಿನ ದೂಡಿದೆ. ನೀಲಿ ಫ್ರಾಕನ್ನು ಕೈಸುಟ್ಟುಕೊಂಡು ಬಂದ ಒಂದು ಹುಡುಗಿಗೆ ತೊಡಿಸಿದೆ. ಹಾಗೆಯೇ ಐದು ವರ್ಷ ತುಂಬಿತು.

ನಾನು ಮರಳುವುದಕ್ಕೆ ನಾಲ್ಕು ತಿಂಗಳ ಮೊದಲು ಕಾಕಾ ತೀರಿಕೊಂಡರು. ಬರಲು ರಜೆ ಸಿಗಲಿಲ್ಲ. ಊರು ಮುಟ್ಟಿ ಅವರ ಸಮಾಧಿಗೆ ಹೋಗಿ ಬಂದೆ. ಆ ಹೊತ್ತಿಗೆ ಅಳು ಬರಲಿಲ್ಲ. ಒಂದು ವಾರ ಬಿಟ್ಟು ಕೆಲಸ ಹುಡುಕಿಕೊಂಡು ಸೊರಬದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹೋದೆ. ಅರ್ಜಿ ನೋಡಿದ ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಶಿಕಾರಿಪುರದ ನರ್ಸ್ ಅಂದ್ರೆ ನೀವೇನಾ? ಆಫ್ರಿಕಾದಲ್ಲಿ ಇದ್ದೋರು?"

ಹೌದು ಎಂದೆ.

"ಒಬ್ರು ಟೇಲರ್ ಬರೋರು ಕಣ್ರೀ, ಮೂರು ವರ್ಷದಿಂದ. ಎರಡು ಮೂರು ತಿಂಗಳಿಗೊಂದ್ಸಲ ಬಂದು, 'ನಮ್ಮ ಹುಡುಗಿ ಬಂದ್ರೂ ಬರಬಹುದು, ಬರದೇನೂ ಇರಬಹುದು. ಬಂದ್ರೆ ಕೆಲ್ಸ ಇಲ್ಲ ಅನ್ನಬ್ಯಾಡ್ರಿ' ಅನ್ನೋರು. ಕೊನೇ ಸಲ ಮೆಟ್ಟಿಲು ಹತ್ತೋಕೆ ಆಗ್ದೆ ಕೆಳಗೇ ಕೂತಿದ್ರು. ನಾನೇ ಇಳಿದು ಹೋಗಿ, ಆಯ್ತು ಅಜ್ಜ ಅಂತ ಹೇಳಿ ಬಂದೆ."

ಆ ಮೂರು ವರ್ಷವೂ ಪ್ರತಿ ಭಾನುವಾರ ಕಾಕಾ ಎದ್ದು ನಿಂತು, ನನಗೆ ಅಲ್ಲಿ ನಿಲ್ಲುವ ಶಕ್ತಿ ಕೊಡು ಎಂದು ಸಭೆಯೆದುರು ಬೇಡುತ್ತಿದ್ದರೆಂದು ಅಮ್ಮ ಹಿಂದಿನ ದಿನವಷ್ಟೇ ಹೇಳಿದ್ದರು. ನಿಲ್ಲಲಿ ಎಂದು ಬೇಡಿಕೊಂಡವರೇ, ನಿಲ್ಲಲಾರದೆ ಬಂದರೆ ನನಗೊಂದು ಜಾಗ ಇರಲಿ ಎಂದು ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದರು. ಡಾಕ್ಟರಮ್ಮನ ಎದುರು ಕೂತು ನಾಚಿಕೆಯಿಲ್ಲದೆ ಅತ್ತೆ. ಅವರು ನೀರು ಕೊಟ್ಟು, ಯಾವಾಗ ಸೇರುತ್ತೀರಿ ಎಂದು ಕೇಳಿದರು.

ಸೋಮವಾರ ಎಂದೆ.