ಕಂಸದೊಳಗಿದ್ದ ಕವಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ಗ್ರಾಮೊಫೋನ್ ಇತ್ತು. ಇಷ್ಟನ್ನು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಅದರ ಪೆಟ್ಟಿಗೆ ಕಂದೋ ಕಪ್ಪೋ ಎಂದು ನೀವು ಕೇಳಿದರೆ ತಡವರಿಸುತ್ತೇನೆ. ನಾನು ದಿನಚರಿ ಬರೆಯಲು ಕೂತದ್ದು ಹದಿನಾಲ್ಕನೆಯ ವಯಸ್ಸಿನಲ್ಲಿ. ಈ ಸಂಗತಿ ನಡೆದಾಗ ನನಗೆ ಐದು. ತೆರೆದು ನೋಡಲು ಪುಟವಿಲ್ಲ. ಕೆಲವನ್ನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು, ಕೆಲವನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ನಮ್ಮದು ಧಾರವಾಡದ ಕಡೆಯ ಮನೆ, ಕೆಲಸ ಮಾತ್ರ ಆಂಧ್ರದಲ್ಲಿ. ಅಕ್ಕ ಮೊದಲಿನಿಂದಲೂ ಅಪ್ಪ ಅಮ್ಮನ ಜೊತೆಗೇ ಇದ್ದು ತೆಲುಗು ಶಾಲೆಗೆ ಹೋಗುತ್ತಿದ್ದಳು. ನನ್ನನ್ನು ಅಜ್ಜಿಯ ಬಳಿ ಬಿಟ್ಟಿದ್ದರು. ಐದು ತುಂಬಿದ ಆ ಬೇಸಿಗೆಯಲ್ಲಷ್ಟೇ ವಿಜಯವಾಡಕ್ಕೆ ಕರೆತಂದಿದ್ದರು. ಕೃಷ್ಣಾ ನದಿ ಅಷ್ಟು ಹತ್ತಿರವಿದ್ದರೂ ಆ ಊರಿನ ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು.

ಗ್ರಾಮೊಫೋನನ್ನು ಅಪ್ಪ ಹಿಂದೆ ವಿಶಾಖಪಟ್ಟಣದಲ್ಲಿ ಕೊಂಡಿದ್ದರು. ಹಡಗು ಹತ್ತಿ ಊರಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆ ಮನೆಸಾಮಾನು ಮಾರಿದನಂತೆ. ಅದರ ಜೊತೆಗೆ ಅರಗಿನ ಆರು ಪ್ಲೇಟುಗಳು ಬಂದವು. ಅಪ್ಪನೇ ಹುಡುಗನಾಗಿದ್ದ ಕಾಲದ ಪರದೇಶದ ಹಾಡುಗಳು. ಕೀಲಿ ಕೊಟ್ಟು ಮುಳ್ಳು ಇಟ್ಟರೆ ಮೊದಲು ಬಾಣಲೆಯಲ್ಲಿ ಸಾಸಿವೆ ಸಿಡಿದಂತಹ ಸದ್ದು, ಆಮೇಲೆ ತುತ್ತೂರಿ, ಆಮೇಲೆ ಮೂಗಿನಲ್ಲಿ ಹಾಡುವ ಯಾರದೋ ಗಂಟಲು. ಆರು ಪ್ಲೇಟುಗಳಲ್ಲಿ ಹಾಡಿದವರು ಬೇರೆ ಬೇರೆ. ಹಾಡಿನ ಹೆಸರಿನ ಕೆಳಗೆ, ಎರಡು ಬಾಗಿದ ಗೆರೆಗಳ ನಡುವೆ, ಚಿಕ್ಕ ಅಕ್ಷರಗಳಲ್ಲಿದ್ದ ಹೆಸರು ಮಾತ್ರ ಒಂದೇ.

"ಹಾಡಾಂವ ಯಾರರ ಆಗ್ಲಿ," ಎಂದರು ಅಪ್ಪ, "ಬರದಾಂವ ಇಲ್ಲಿ ಕಂಸದಾಗ ಇರ್ತಾನ, ನೋಡು."

"ಕಂಸ ಯಾಕ ಹಿಡದಾನ ಅವನ್ನ?" ಎಂದೆ.

ಅಕ್ಕ ಬಿದ್ದು ಬಿದ್ದು ನಕ್ಕಳು. "ಏ ಹುಚ್ಚಿ! ಕಂಸ ಅಂದ್ರ ಈ ಗೆರಿ. ಕೃಷ್ಣನ ಸ್ವಾದರಮಾವ ಅಲ್ಲ!"

ನನಗೆ ನಂಬಿಕೆ ಬರಲಿಲ್ಲ. ಆ ಗೆರೆಗಳು ಸೆರೆಮನೆಯ ಗೋಡೆಗಳ ಹಾಗೆಯೇ ಇದ್ದವು. ಆರೂ ಪ್ಲೇಟುಗಳಲ್ಲಿ ಸಿಕ್ಕಿಬಿದ್ದ ಆ ಕವಿಯ ಬಗ್ಗೆ ನನಗೆ ಬಹಳ ಮರುಕವಿತ್ತು.

ಮಧ್ಯಾಹ್ನ ಪಾತ್ರೆ ತಿಕ್ಕಿ ಮುಗಿಸಿದ ಮೇಲೆ ಅಮ್ಮ ಗೋಡೆಗೆ ಒರಗಿ, ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತ, ಅವುಗಳಲ್ಲಿ ನಿಧಾನವಾದ ಒಂದು ಪ್ಲೇಟನ್ನು ಕೇಳುತ್ತಿದ್ದಳು. ಅವಳಿಗೆ ಇಂಗ್ಲಿಷ್ ಬಾರದು. ಅವಳ ಮುಖದಲ್ಲಿ ಯಾವಾಗಲೂ ಇರುತ್ತಿದ್ದ ದಣಿವು ಆ ಮೂರು ನಿಮಿಷ ಎಲ್ಲಿಗೋ ಹೋಗುತ್ತಿತ್ತು. ಮೊದಮೊದಲು ಬರೀ ಗುನುಗುತ್ತಿದ್ದಳು. ಕ್ರಮೇಣ ಆ ಧಾಟಿಗೆ ಕನ್ನಡದ ಮಾತುಗಳು ಬಂದು ಕೂತವು. ಅದು ಕೃಷ್ಣನ ತೊಟ್ಟಿಲ ಹಾಡು. "ಕದವ ತೆರೆದವರಾರೊ ಕಂದ, ಕಾವಲವರು ಮಲಗಿರೆ" ಎಂದು ಆರಂಭ. ಮುಂದಿನ ಸಾಲು ನನಗೆ ಗೊತ್ತಿಲ್ಲ.

ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ದೇವರ ಗೂಡಿನವರೆಗೆ ಅಕ್ಕ ಅಕ್ಕಿಹಿಟ್ಟಿನಲ್ಲಿ ಪುಟ್ಟ ಹೆಜ್ಜೆಗಳನ್ನು ಮೂಡಿಸಿದಳು. ಮನೆಯೆಲ್ಲ ಹಸಿ ಹಿಟ್ಟು, ಬೆಣ್ಣೆ, ಶುಂಠಿಯ ವಾಸನೆ. ಸಂಜೆ ಬೀದಿಯ ಹೆಂಗಸರು ಬಂದರು. ಪಕ್ಕದ ಮನೆಯ ಪಿನ್ನಿಗಾರು ಎಲ್ಲರಿಗಿಂತ ಮುಂದೆ ಕೂತರು. ತೆಲುಗಿನಲ್ಲಿ ಪಿನ್ನಿ ಎಂದರೆ ಚಿಕ್ಕಮ್ಮ, ಗಾರು ಎಂದರೆ ಅವರು. ಬೀದಿಗೆಲ್ಲ ಆಕೆ ಚಿಕ್ಕಮ್ಮನೇ. ಅಮ್ಮ ತೊಟ್ಟಿಲ ಹಗ್ಗ ಹಿಡಿದು, ತಲೆ ತಗ್ಗಿಸಿ, ತನ್ನ ಹಾಡು ಹಾಡಿದಳು. ಮೊದಲು ಅಳುಕಿದ ದನಿ ಬರಬರುತ್ತ ಗಟ್ಟಿಯಾಯಿತು.

"ಎಂತ ಬಾಗುಂದಮ್ಮಾ!" ಎಂದು ಪಿನ್ನಿಗಾರು ಕೆನ್ನೆಗೆ ಕೈ ಹಚ್ಚಿದರು. "ಮೀ ಊರಿ ಪಾಟಾ?" ಎಷ್ಟು ಚೆನ್ನಾಗಿದೆ, ನಿಮ್ಮ ಊರಿನ ಹಾಡೇ ಎಂದು ಕೇಳಿದ್ದು.

ಅಮ್ಮ ತಲೆಯೆತ್ತಲಿಲ್ಲ. "ಅವುನಂಡಿ. ಮಾ ಅಮ್ಮಮ್ಮ ಪಾಟ." ಹೌದು, ನಮ್ಮಜ್ಜಿಯ ಹಾಡು.

ಅದು ಸುಳ್ಳು. ಆಗ ಮಗುವಿನ ದನಿಯೊಂದು ಗಟ್ಟಿಯಾಗಿ, ಹೆಮ್ಮೆಯಿಂದ ಹೇಳಿತು: "ಕಾದು! ಅದಿ ಮಾ ಪ್ಲೇಟು ಪಾಟ. ದೊರಲು ಡಾನ್ಸ್ ಚೇಸೇದಿ!" ಅಲ್ಲ, ಅದು ನಮ್ಮ ಪ್ಲೇಟಿನ ಹಾಡು, ದೊರೆಗಳು ಕುಣಿಯುವುದು ಅಂತ.

ಯಾರೋ ಕಿಸಕ್ಕೆಂದರು. "ದೇವುಡಿಕಿ ಡಾನ್ಸು ಪಾಟಾ!" ಎಂದರು ಇನ್ನೊಬ್ಬರು, ದೇವರಿಗೆ ಕುಣಿತದ ಹಾಡೇ ಅಂತ. ಅಮ್ಮನ ಕೈ ಹಗ್ಗದ ಮೇಲೆ ನಿಂತಿತು. ತೊಟ್ಟಿಲು ತಾನಾಗಿಯೇ ಎರಡು ಸಲ ತೂಗಿ ಸುಮ್ಮನಾಯಿತು. ಅಮ್ಮ ಎದ್ದು ಎಲ್ಲರಿಗೂ ಅವಲಕ್ಕಿ ಹಂಚಿದಳು. ಹೊರಡುವಾಗ ಪಿನ್ನಿಗಾರು, "ವಸ್ತಾನು, ಪ್ಲೇಟಮ್ಮಗಾರೂ" ಎಂದು ನಕ್ಕರು. ಹೋಗಿಬರುತ್ತೇನೆ, ಪ್ಲೇಟಮ್ಮನವರೇ ಅಂತ. ಕೆಟ್ಟ ಮನಸ್ಸಿನಿಂದಲ್ಲ. ಆದರೆ ಆ ಹೆಸರು ಬೀದಿಯಲ್ಲಿ ಉಳಿಯಿತು.

ಅಮ್ಮ ಮತ್ತೆ ಯಾರ ಎದುರಿಗೂ ಹಾಡಲಿಲ್ಲ. ಆ ಪ್ಲೇಟು ಮುಂದಿನ ಬೇಸಿಗೆಯಲ್ಲಿ ಕಿಟಕಿಯ ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಅದನ್ನು ಅಲ್ಲಿಟ್ಟವರು ಯಾರೋ, ಮರೆತು ಇಟ್ಟರೋ ಬೇಕೆಂದೇ ಇಟ್ಟರೋ ತಿಳಿಯದು.

ಅಂದು ಬಾಯಿಬಿಟ್ಟವಳು ನಾನು. ಹಾಗೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಪ್ರತಿ ಮದುವೆಯಲ್ಲೂ ಅಕ್ಕ ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದ್ದಾಳೆ, ನಾನೂ ನಕ್ಕಿದ್ದೇನೆ. ಎಂ.ಎ. ಮುಗಿಸಿದ ವರ್ಷ ಅಮ್ಮನ ಬಳಿ ಕ್ಷಮೆ ಕೇಳಿದೆ. "ಹೋಗ್ಲಿ ಬಿಡವ್ವಾ, ಸಣ್ಣಾಕಿ ಇದ್ದಿ," ಎಂದಳು. ಕ್ಷಮಿಸಿದಳೋ, ಮಾತು ಬೇಡವೆಂದು ಮುಗಿಸಿದಳೋ.

ಈಗ ನಾನು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದೇನೆ. ಮೂರನೆಯ ಮಹಡಿಯ ಮೆಟ್ಟಿಲೇ ನನ್ನ ದಿನದ ಅರ್ಧ ಶಕ್ತಿಯನ್ನು ತಿನ್ನುತ್ತದೆ. ಹೋದ ವಾರ ತರಕಾರಿ ಹೆಚ್ಚುತ್ತ ಆ ಧಾಟಿ ಗುನುಗುತ್ತಿದ್ದೆ. ಮೊಮ್ಮಗಳು ಓಡಿ ಬಂದು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಳು.

"ಅಮ್ಮಮ್ಮಾ, ದೊರಿಕಿಂದಿ! ಸಿಕ್ತು!"

ಪ್ಲೇಟಿಲ್ಲ, ಮುಳ್ಳಿಲ್ಲ, ಕೀಲಿಯಿಲ್ಲ. ಅದೇ ತುತ್ತೂರಿ. ಪರದೆಯ ಮೇಲೆ ಅದೇ ಹೆಸರು, ದೊಡ್ಡ ಅಕ್ಷರಗಳಲ್ಲಿ, ಕೆಳಗೆ ಅವನ ಹಾಡುಗಳ ಉದ್ದ ಪಟ್ಟಿ. ಸುತ್ತ ಕಂಸವಿರಲಿಲ್ಲ. ಅಂತೂ ಅವನಿಗೆ ಬಿಡುಗಡೆಯಾಗಿತ್ತು. ಅಮ್ಮನ ಹಾಡನ್ನೂ ಹುಡುಕು ಎಂದೆ. ಅವಳು ಬಹಳ ಹೊತ್ತು ಹುಡುಕಿ, "ಲೇದು ಅಮ್ಮಮ್ಮಾ, ಇಲ್ಲ," ಎಂದು ಸಪ್ಪಗಾದಳು.

ಸಮಾಧಾನಕ್ಕೆಂದು ಈ ಕಥೆ ಹೇಳಿದೆ. ಆ ದಿನದ ಮಾತನ್ನು ತೆಲುಗಿನಲ್ಲಿ, ಇದ್ದ ಹಾಗೆಯೇ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿದಳು.

"ಆಗ ನಿಂಗೆ ತೆಲುಗು ಬರ್ತಿತ್ತಾ ಅಮ್ಮಮ್ಮಾ?"

ಚಾಕು ಅಲ್ಲೇ ನಿಂತಿತು. ನನಗೆ ಆಗ ಬರುತ್ತಿದ್ದ ತೆಲುಗು ಎಂದರೆ ರಾ, ಪೋ, ನೀಳ್ಳು. ಬಾ, ಹೋಗು, ನೀರು. ಆ ಸಂಜೆ ನನ್ನ ಬಾಯಿತುಂಬ ಬೆಣ್ಣೆಯಿತ್ತು ಎಂದೂ ನೆನಪು. ಆದರೆ ಈ ನೆನಪು ಎಷ್ಟು ದಿನದ್ದು? ಒಂದು ಜೀವಮಾನ ತೆಲುಗಿನ ನಡುವೆ ಕಳೆದಿದ್ದೇನೆ. ಕನ್ನಡದಲ್ಲಿ ಹೇಳಿದ್ದೇ ಈಗ ತೆಲುಗಾಗಿ ಕೇಳಿಸುತ್ತಿರಬಹುದು. ನಿಮ್ಮ ಫೋನು ಮೂರು ಚರಣ ಗುನುಗಿದರೆ ಹಾಡು ಬರೆದವನನ್ನು ಹಿಡಿದು ತರುತ್ತದೆ. ಅದನ್ನು ನಿಲ್ಲಿಸಿದವರನ್ನು ಹುಡುಕಿಕೊಡುವ ಫೋನು ನಿಮ್ಮ ಕಾಲದಲ್ಲೂ ಬಂದಿಲ್ಲ.

ವಿಜಯವಾಡದ ಭವಾನಿಪುರಂನಲ್ಲಿರುವ ಅಕ್ಕನಿಗೆ ಆ ಸಂಜೆಯೇ ಫೋನ್ ಮಾಡಿದೆ. ಮಂಡಿ ನೋವು, ಸೆಕೆ, ಮಾತ್ರೆಗಳ ಮಾತು ಮುಗಿದವು. ಜಗಳಕ್ಕೆ ನನ್ನಲ್ಲಿ ಶಕ್ತಿ ಉಳಿದಿಲ್ಲ, ಅವಳಲ್ಲೂ ಇಲ್ಲ. ಮೆಲ್ಲಗೆ ಕೇಳಿದೆ. ಆ ಕಡೆ ಅವಳ ಟಿವಿಯ ಸದ್ದು ನಿಂತಿತು, ಆಮೇಲೆ ಫೋನು ಇಟ್ಟಳು. ಅಂದಿನಿಂದ ಎರಡು ಸಲ ಮಾಡಿದ್ದಾಳೆ. ನಮ್ಮ ಊಟ ವಿಚಾರಿಸುತ್ತಾಳೆ, ಮೊಮ್ಮಕ್ಕಳ ಪರೀಕ್ಷೆ ವಿಚಾರಿಸುತ್ತಾಳೆ. ನಾನು ಕೇಳಿದ್ದು ಹಾಗೆಯೇ ಇದೆ:

"ಅಕ್ಕಾ, ಅವತ್ತ ಹೇಳಿದಾಕಿ ನಾನೇನ?"